ಆಲದ ಮರದ ಗಂಟುಗಳು

ನಮ್ಮಮ್ಮ ಸರ್ವಮಂಗಳನಿಗೆ ನನಗಿಂತ ಹಸುಗಳ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಎದುರಿಗೇ ಕೇಳಿದ್ದೆ ಕೂಡ. ಅವಳೇನೂ ನಾಚಿಕೊಳ್ಳಲಿಲ್ಲ. "ನೀನು ವರ್ಷಕ್ಕೊಂದು ಕ್ಲಾಸು ಪಾಸಾಯ್ತೀಯ, ಅವು ವರ್ಷಕ್ಕೊಂದು ಕರ ಹಾಕ್ತವೆ. ನಂಗೆ ಇಬ್ರೂ ಒಂದೇ ಕಣೇ" ಎಂದಿದ್ದಳು. ಮುಂದೆ ಪಿಯುಸಿಯಲ್ಲಿ ನಾನು ಗಣಿತದಲ್ಲಿ ಫೇಲಾದಾಗ ಬರಡು ಹಸುವನ್ನು ನೋಡುವ ಹಾಗೆ ನನ್ನನ್ನು ಒಂದು ತಿಂಗಳು ನೋಡಿದಳು.

ಇಂಥ ಅಮ್ಮ, ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ, ನನಗೆ ಹೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿತ್ತು. ಅಂದರೆ ದಿನ ತುಂಬುವ ಮೊದಲೇ ಅದರ ಗಬ್ಬ ಇಳಿದುಹೋಗಿತ್ತು. ದನದ ಡಾಕ್ಟರು ಬಂದು ನೋಡಿ, ಇದು ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ ಇರಬಹುದು, ಮನುಷ್ಯರಿಗೂ ಬರುತ್ತದೆ, ಬಸುರಿಯರನ್ನು ಮಾತ್ರ ಕೊಟ್ಟಿಗೆಯ ಹತ್ತಿರ ಬಿಡಬೇಡಿ, ಹೊಟ್ಟೆಯಲ್ಲಿರುವ ಮಗುವಿಗೇ ಕುತ್ತು ಎಂದು ಹೇಳಿ, ಎಲ್ಲ ಹಸುಗಳ ರಕ್ತ ಪರೀಕ್ಷೆ ಮಾಡಿಸಿ ಎಂದು ಹೋಗಿದ್ದರು. ಪರೀಕ್ಷೆ ಆಮೇಲೆ ನೋಡೋಣ ಎಂದು ಅಮ್ಮ ಮುಂದಕ್ಕೆ ಹಾಕಿದಳು. ಉಳಿದದ್ದನ್ನಾದರೂ ನನಗೆ ಹೇಳಬಹುದಿತ್ತಲ್ಲ. ಗಬ್ಬ ಇಳಿದ ಸುದ್ದಿಯನ್ನು ಬಸುರಿಯ ಕಿವಿಗೆ ಹಾಕಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ಹಸುವಿನದಾದರೂ ಸರಿ, ಮೇಕೆಯದಾದರೂ ಸರಿ, ಕೇಳಿಸಿಕೊಂಡವಳಿಗೂ ಹಾಗೇ ಆಗುತ್ತದಂತೆ. ನನ್ನ ಕಿವಿಯನ್ನು ಕಾಪಾಡುವ ಭರದಲ್ಲಿ ನನ್ನ ಕೈಗಳನ್ನು ಮರೆತುಬಿಟ್ಟರು.

ನಮ್ಮದು ಶೆಟ್ಟಿಕೆರೆಯಿಂದ ಒಳಕ್ಕಿರುವ ಊರು. ಅಪ್ಪ ಹಾಲಸ್ವಾಮಿ ತೆಂಗಿನ ಮನುಷ್ಯ. ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿದನೆಂದರೆ ಅವು ಒಳಗೊಳಗೇ ಒಣಗಿ ಕೊಬ್ಬರಿಯಾಗುವ ತನಕ ಅವನಿಗೆ ಅವಸರವೆಂಬುದೇ ಇಲ್ಲ. ಅಮ್ಮನಿಗೆ ಈ ಕಾಯುವ ಕೆಲಸ ಆಗದು. "ವರ್ಷವೆಲ್ಲ ಅಟ್ಟ ನೋಡ್ಕೊಂಡು ಕುಂತ್ಕಳಾಕೆ ನಾನೇನು ಹೆಗ್ಗಣವಾ" ಎಂದು ಅಪ್ಪನನ್ನು ಕೆಣಕುತ್ತಲೇ ಎರಡು ಹಸು ಕಟ್ಟಿದವಳು, ನನ್ನ ಮದುವೆಯ ಹೊತ್ತಿಗೆ ಹದಿನಾಲ್ಕಕ್ಕೆ ತಂದು ನಿಲ್ಲಿಸಿದ್ದಳು. ಮರದ ಸಾಲುಗಳ ನಡುವೆ ಸೀಮೆಹುಲ್ಲು, ಗುಂಡಿಯಲ್ಲಿ ತುಳಿದಿಟ್ಟ ಜೋಳದ ಮೇವು, ಹಾಲು ಕರೆಯುವುದಕ್ಕೆ ಮಷೀನು, ಸಗಣಿ ಗಂಜಲವೆಲ್ಲ ಕಾಲುವೆಯಲ್ಲಿ ಹರಿದು ನೇರ ತೆಂಗಿನ ಬುಡಕ್ಕೆ. ಗೇಟಿಗೆ 'ಸರ್ವಮಂಗಳ ಡೈರಿ ಫಾರಂ' ಎಂದು ಬೋರ್ಡು ಬಂತು. ತುರುವೇಕೆರೆಯಿಂದ, ಹುಳಿಯಾರಿನಿಂದ ರೈತರು ವ್ಯಾನು ಮಾಡಿಕೊಂಡು ನೋಡಲು ಬರತೊಡಗಿದರು.

ಬಂದವರಿಗೆ ಅಮ್ಮ ಪಾಠ ಹೇಳುವುದನ್ನು ಕೇಳಬೇಕು. ಸೆರಗು ಸಿಕ್ಕಿಸಿಕೊಂಡು ಮೇವಿನ ತೊಟ್ಟಿಯ ಕಟ್ಟೆಯ ಮೇಲೆ ನಿಂತುಬಿಡುತ್ತಿದ್ದಳು. "ಹಾಲು ಅಳ್ದು ಲಾಭ ಲೆಕ್ಕ ಹಾಕ್ಬ್ಯಾಡ್ರಿ, ಕರ ಎಣಿಸಿ ಲೆಕ್ಕ ಹಾಕಿ. ವರ್ಷಕ್ಕೊಂದು ಕರ ಹಾಕಿದ್ರೆ ಅದು ಹಸ. ಇಲ್ದಿದ್ರೆ ಅದು ನೆಂಟ್ರು. ನೆಂಟ್ರುನ್ನ ಎಷ್ಟು ದಿನ ಮಡಿಕ್ಕಂತೀರಾ, ನೀವೇ ಹೇಳ್ರಿ." ಎಲ್ಲರೂ ನಗುತ್ತಿದ್ದರು. ಅವಳ ಎರಡನೆಯ ಪಾಠ, ಹೊರಗಿನಿಂದ ತಂದ ಹಸುವನ್ನು ತಿಂಗಳೊಪ್ಪತ್ತು ದೂರ ಕಟ್ಟಿ ನೋಡಿ, ಆಮೇಲೆ ಒಳಗೆ ಸೇರಿಸಿ ಎನ್ನುವುದು. ಹುಳಿಯಾರಿನ ಕಡೆಯಿಂದ ಭಾಗ್ಯ ಎಂಬ ತುಂಬುಗಬ್ಬದ ಹಸುವನ್ನು ತಂದಾಗ ಈ ಪಾಠವನ್ನು ಅವಳೇ ಮರೆತಳು. ಮಾರನೆಯ ದಿನ ನೋಡುವವರ ವ್ಯಾನು ಬರುವುದಿತ್ತು, ಕೊಟ್ಟಿಗೆಯ ಮುಂಭಾಗದಲ್ಲೇ ಒಂದು ಜಾಗ ಖಾಲಿ ಕಾಣಿಸುತ್ತಿತ್ತು. ಆ ಭಾಗ್ಯನೇ ಮೊದಲು ಕಂದು ಹಾಕಿದ್ದು. ಆಮೇಲೆ ಅದರ ಪಕ್ಕದಲ್ಲಿ ಕಟ್ಟಿದ್ದ ಕಾವೇರಿ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ದಂಡಿನಶಿವರದ ಗಂಡನ ಮನೆಯಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು ನಾನು ಬಂದಾಗ ಅಮ್ಮ ಗೇಟಿನಲ್ಲೇ ಎದುರಾದಳು. ಬಾ ಎನ್ನುವುದಕ್ಕಿಂತ ಮೊದಲು, "ಕೊಟ್ಟಿಗೆ ತಾವಿಕೆ ಹೋಗಬ್ಯಾಡ. ಗಾಳಿ ಗೀಳಿ ಸೋಕ್ತದೆ" ಎಂದಳು. ಸಗಣಿ ಬಾಚುತ್ತ ಬೆಳೆದವಳಿಗೆ ಕೊಟ್ಟಿಗೆಯ ಗಾಳಿ ಸೋಕುತ್ತದಂತೆ. ನಾನು ನಕ್ಕುಬಿಟ್ಟೆ.

ಭಾಗ್ಯನನ್ನು ನಾರಿನ ಗುಡ್ಡೆಯ ಹಿಂದೆ ಒಂಟಿಯಾಗಿ ಕಟ್ಟಿದ್ದರು. ಯಾಕೆ ಎಂದು ಅಪ್ಪನನ್ನು ಕೇಳಿದೆ. "ಹಾಯ್ತದೆ" ಎಂದ, ತಲೆಯೆತ್ತಿ ತೆಂಗಿನ ಗೊನೆ ನೋಡುತ್ತ. ಅಪ್ಪ ಸುಳ್ಳು ಹೇಳುವಾಗ ಯಾವಾಗಲೂ ಮರ ನೋಡುತ್ತಾನೆ. ಅದು ನನಗೂ ಗೊತ್ತು, ಅಮ್ಮನಿಗೂ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಎರಡು ಮರಗಳ ನಡುವೆ ಹೊಸದಾಗಿ ಅಗೆದು ಮುಚ್ಚಿದ ಗುಂಡಿಯ ಮೇಲೆ ಸುಣ್ಣ ಚೆಲ್ಲಿತ್ತು. ಅದನ್ನು ಕೇಳಿದರೆ "ಗೊಬ್ಬರ" ಎಂದ. ಆಗಲೂ ಗೊನೆ ನೋಡಿದ. ಹೊಸ ಹಸುವಿಗೆ ಏನೋ ಕೆಚ್ಚಲುಬಾವು ಇರಬೇಕು, ಅಮ್ಮನ ಮರ್ಯಾದೆಗೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಾದೆ.

ಒಂದು ಬೆಳಿಗ್ಗೆ ಅಮ್ಮ ಚಿಕ್ಕನಾಯಕನಹಳ್ಳಿಯಲ್ಲಿ ಯಾವುದೋ ಮಹಿಳಾ ಸಂಘದವರಿಗೆ ಪಾಠ ಹೇಳಲು ಹೋಗಿದ್ದಳು. ಅಪ್ಪ ಕಾಯಿ ಕೀಳುವವರ ಜೊತೆ ತೋಟದ ಕೊನೆಯಲ್ಲಿದ್ದ. ನಾನು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಕೊಟ್ಟಿಗೆಯಿಂದ ಗಂಗೆ ನರಳುವುದು ಕೇಳಿಸಿತು. ಆ ನರಳಾಟದ ಅರ್ಥ ನನಗೆ ಗೊತ್ತು. ಹೋಗಿ ನೋಡಿದರೆ ಕರುವಿನ ಕಾಲು ಹೊರಗೆ ಬಂದು ನಿಂತುಬಿಟ್ಟಿತ್ತು. ಗಂಗೆ ನಾನು ಮದುವೆಗೆ ಮೊದಲು ಹಾಲೂಡಿಸಿ ಸಾಕಿದ ಕರು. ಯಾರನ್ನು ಕೂಗುತ್ತ ನಿಲ್ಲುವುದು? ಸೀರೆ ಎತ್ತಿ ಕಟ್ಟಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಅದು ತಿಣುಕಿದಾಗಲೆಲ್ಲ ಎಳೆದೆ. ಹೆಣ್ಣುಗರು ಬಿತ್ತು. ತೀರಾ ಸಣ್ಣದು, ಕತ್ತು ನಿಲ್ಲುತ್ತಿರಲಿಲ್ಲ. ಅದರ ಮೂಗು ಬಾಯಲ್ಲಿದ್ದ ಲೋಳೆಯನ್ನು ಬೆರಳು ಹಾಕಿ ತೆಗೆದೆ. ಕರುವಿನ ಹಿಂದೆ ಬೀಳುವ ಮಾಸಿಗೆ ನಮ್ಮ ಕಡೆ ಕಸ ಎನ್ನುತ್ತೇವೆ. ಅದು ತುಂಡು ತುಂಡಾಗಿ ಬಿತ್ತು. ಅದನ್ನೂ ಬರಿಗೈಯಲ್ಲೇ ಬಳಿದು ಫೀಡಿನ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ನನ್ನಷ್ಟಕ್ಕೆ ನನಗೆ ಹೆಮ್ಮೆಯಾಗಿತ್ತು.

ಅಪ್ಪ ಓಡಿಬಂದವನು ಬಾಗಿಲಲ್ಲೇ ನಿಂತ. "ಅಯ್ಯೋ ಕೂಸೇ" ಎಂದ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಮೈಗೆ ತಾಗದ ಹಾಗೆ ದೂರ ಹಿಡಿದು ಹೊರಟುಹೋದ.

ಮಧ್ಯಾಹ್ನ ಬಂದ ಅಮ್ಮ ಕರುವಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಸುಡು ಸುಡು ನೀರಿಗೆ ಡೆಟಾಲ್ ಸುರಿದು, ತೆಂಗಿನ ನಾರು ತಗೊಂಡು ಮೊಣಕೈವರೆಗೆ ಉಜ್ಜಿದಳು. ಉಗುರಿನ ಸಂದಿ, ಬಳೆಯ ಕೆಳಗೆ, ಬೆರಳ ನಡುವೆ ಎಲ್ಲ ಉಜ್ಜಿದಳು. ಚರ್ಮ ಕೆಂಪಾಗಿ ಉರಿಯತೊಡಗಿತು. ಒಂದು ಕರು ಎಳೆದದ್ದಕ್ಕೆ ಇಷ್ಟು ಕೋಪವೇ ಎಂದು ನನಗೂ ಪಿತ್ತ ನೆತ್ತಿಗೇರಿತು.

"ಕೊಟ್ಟಿಗೆ ನಿಂದೇ ಬುಡಮ್ಮ. ನಾನೇನು ಕಿತ್ಕೊಂಡು ಹೋಗಲ್ಲ" ಎಂದೆ.

ಬೇರೆ ದಿನವಾಗಿದ್ದರೆ ಇದಕ್ಕೆ ಅವಳು ಕೊಡುತ್ತಿದ್ದ ಉತ್ತರಕ್ಕೆ ನಾನು ವಾರ ಮಾತು ಬಿಡಬೇಕಾಗುತ್ತಿತ್ತು. ಅವತ್ತು ಅವಳು ಇನ್ನೊಂದು ಚೊಂಬು ನೀರು ಸುರಿದಳು, ಅಷ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಕರು ಇಲ್ಲ. "ನಿಮ್ಮ ಸೋದರಮಾವ ಕೇಳ್ತಿದ್ದ, ಕೊಟ್ಟು ಕಳಿಸ್ದೆ" ಎಂದಳು ಅಮ್ಮ. ಕರು ಎಣಿಸಿ ಲಾಭ ಹೇಳುವ ಹೆಂಗಸು ಹುಟ್ಟಿದ ಮಾರನೆಯ ದಿನವೇ ಹೆಣ್ಣುಗರುವನ್ನು ತಾಯಿಯಿಂದ ಬಿಡಿಸಿ ಕೊಟ್ಟು ಕಳಿಸಿದಳೆಂದರೆ ಯಾರು ನಂಬುತ್ತಾರೆ? ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮರ ನೋಡಿದ.

ಬಸುರಿಯರು ಸಂಜೆ ನಾಲ್ಕು ಹೆಜ್ಜೆ ನಡೆಯಬೇಕು ಎಂದು ನಮ್ಮತ್ತೆ ಹೇಳಿ ಕಳಿಸಿದ್ದರು. ನಾನು ಊರಾಚೆಯ ಆಲದ ಮರದವರೆಗೆ ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ಅದರೆದುರಿಗೇ ಹಾಲಿನ ಡೈರಿ. ಹಸು ಈದಾಗ ಬೀಳುವ ಕಸವನ್ನು ಗೋಣಿಚೀಲದಲ್ಲಿ ಕಟ್ಟಿ ಈ ಮರಕ್ಕೆ ನೇತುಹಾಕುವುದು ನಮ್ಮೂರಿನ ಪದ್ಧತಿ. ಆಲದ ಎಲೆ ಮುರಿದರೆ ಹಾಲು ಒಸರುತ್ತದಲ್ಲ, ಹಾಗೇ ಹಸುವಿನ ಹಾಲೂ ಬತ್ತದಿರಲಿ ಎಂದು. ನಾಯಿ ಎಳೆದಾಡದಿರಲಿ ಎಂದೂ ಇರಬಹುದು. ಚಿಕ್ಕವರಿದ್ದಾಗ ನಾವು ಚೀಲ ನೋಡಿಯೇ ಯಾರ ಮನೆಯಲ್ಲಿ ಹಸು ಈದಿದೆ ಎಂದು ಹೇಳುತ್ತಿದ್ದೆವು. ಗಿಣ್ಣು ಕೇಳಲು ಹೋಗುವುದಕ್ಕೆ ಅದೇ ಗುರುತು.

ಅವತ್ತು ಸುಮ್ಮನೆ ತಲೆಯೆತ್ತಿದೆ. ನೀಲಿ ಪಟ್ಟಿಯ ಹಳದಿ ಚೀಲವೊಂದು ಹೊಸ ಹಗ್ಗದಲ್ಲಿ ತೂಗುತ್ತಿತ್ತು. ಇಡೀ ಊರಿನಲ್ಲಿ ಆ ಫೀಡನ್ನು ತಿಪಟೂರಿನಿಂದ ತರಿಸುವವಳು ನಮ್ಮಮ್ಮ ಒಬ್ಬಳೇ. ಅದು ಗಂಗೆಯದು, ನಾನೇ ಬಾಯಿ ಕಟ್ಟಿದ್ದು. ಅದರ ಪಕ್ಕದ ಕೊಂಬೆಯಲ್ಲಿ ಇನ್ನೊಂದು ಹಳದಿ ಚೀಲ. ಆಚೆ ಇನ್ನೊಂದು, ಕಾಗೆ ಕುಕ್ಕಿ ಹರಿದದ್ದು. ಮೂರು ಗಂಟು. ನಮ್ಮ ಕೊಟ್ಟಿಗೆಯಲ್ಲಿ ಹೊಸ ಕರು ಒಂದೂ ಇರಲಿಲ್ಲ.

ಆಮೇಲೆ ಉಳಿದವನ್ನೂ ನೋಡಿದೆ. ಬಿಳಿ ಚೀಲ, ಸಿಮೆಂಟು ಚೀಲ, ಹಳೇ ಸೀರೆಯ ಗಂಟು. ಮರ ತುಂಬ ಇದ್ದವು. ನಾನು ಬಂದಾಗಿನಿಂದ ಊರಿನ ಯಾವ ಮನೆಯಿಂದಲೂ ಗಿಣ್ಣು ಬಂದಿರಲಿಲ್ಲ.

ಮಾರನೆಯ ದಿನ ತಿಪಟೂರಿನಿಂದ ಅಕ್ಬರ್ ಪಾಷಾ ಬಂದ. ಹಾಲು ಕರೆಯುವ ಮಷೀನುಗಳ ಮೆಕ್ಯಾನಿಕ್ಕು, ನಮ್ಮ ಸುತ್ತಿನ ಎಲ್ಲ ಫಾರಂಗಳಿಗೂ ಅವನೇ. ನಾನು ಅಕ್ಬರಣ್ಣ ಎನ್ನುತ್ತೇನೆ. ಹಾಲು ಕಡಿಮೆಯಾಗಿದೆ, ಮಷೀನು ನೋಡು ಎಂದು ಅಮ್ಮ ಕರೆಸಿದ್ದಳು. ಮನುಷ್ಯ ಅರ್ಧ ಇಳಿದುಹೋಗಿದ್ದ. ಮಂಡಿ ಹಿಡಿದುಕೊಂಡು ಕೂತು, ಮೊಲೆಗೆ ಹಾಕುವ ರಬ್ಬರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಏನಾಗಿದೆ ಅಕ್ಬರಣ್ಣ ಮಷೀನಿಗೆ?" ಎಂದೆ.

"ಏನೂ ಆಗಿಲ್ಲ ಕಣಮ್ಮ. ಹೊಸಾದಂಗೈತೆ."

"ಮತ್ತೆ ಹಾಲು ಯಾಕೆ ಕಮ್ಮಿ?"

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿದ. "ಅಕ್ಕ ನಿಮ್ಮ ಮುಂದೆ ಬಾಯಿ ಬಿಡಬ್ಯಾಡ ಅಂದವ್ರೆ."

"ಮರದಲ್ಲಿ ಮೂರು ಹಳದಿ ಚೀಲ ನೋಡಿದೀನಿ" ಎಂದೆ.

ಅವನು ರಬ್ಬರನ್ನು ಕೆಳಗಿಟ್ಟ. "ನಾನು ಹೋಗೋ ಮನೇಲೆಲ್ಲ ಇದೇ ಕತೆ ಕಣಮ್ಮ. ಹಸ ಕಂದು ಹಾಕಿರ್ತದೆ, ಹಾಲು ಇಳ್ದಿರ್ತದೆ. ಅದ ಹೇಳಲ್ಲ. ಮಷೀನು ಕೆಟ್ಟದೆ ಬಾ ಅಂತಾರೆ. ನಾನೂ ಬಂದು, ಒಂದು ರಬ್ಬರ್ ಬದಲಾಯಿಸಿ, ಸರಿಯಾಯ್ತು ಅಂದು ಹೋಯ್ತೀನಿ. ಅವರ ಮರ್ಯಾದೆ ಅವರಿಗೆ." ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. "ನಂದೇ ಮಷೀನು ಸರಿಯಿಲ್ಲ. ಜ್ವರ ಬತ್ತದೆ, ಹೋಯ್ತದೆ. ಟೈಫಾಯ್ಡ್ ಅಂದ್ರು, ವಾತ ಅಂದ್ರು. ಸಂಜೆ ಆದ್ರೆ ಮೈಯೆಲ್ಲ ಬೆವರು. ಫಾಮಿದಾ ದಿನಾ ದುವಾ ಮಾಡ್ತವ್ಳೆ."

ಫಾಮಿದಾ ಅವನ ಹೆಂಡತಿ. ಅವನ ಜ್ವರಕ್ಕೂ ನಮ್ಮ ಕೊಟ್ಟಿಗೆಗೂ ಸಂಬಂಧವಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಅಮ್ಮ ನನ್ನಿಂದ ಮುಚ್ಚಿಟ್ಟದ್ದು ಹಸುಗಳ ಸುದ್ದಿ ಮಾತ್ರ ಎಂದೇ ಆಗ ತಿಳಿದಿದ್ದೆ.

ಅಷ್ಟಕ್ಕೇ ನನಗೆ ಸಿಟ್ಟು ಬಂದಿತ್ತು. ನೆಟ್ಟಗೆ ಅಡುಗೆಮನೆಗೆ ಹೋಗಿ, "ಮೂರು ಹಸು ಕಂದು ಹಾಕಿದ್ದನ್ನ..." ಎನ್ನುವಷ್ಟರಲ್ಲಿ ಅಮ್ಮನ ಅಂಗೈ ನನ್ನ ಬಾಯಿಯ ಮೇಲಿತ್ತು. ಹಾಲು, ಫಿನಾಯಿಲು, ಹಿಂಡಿ ಎಲ್ಲ ಬೆರೆತ ವಾಸನೆಯ ಕೈ.

"ಆ ಮಾತು ನಿನ್ನ ಬಾಯಲ್ಲಿ ಬರಬಾರ್ದು ಕಣೇ. ಏನೂ ಆಗಿಲ್ಲ. ಯಾವ ಹಸಿಗೂ ಏನೂ ಆಗಿಲ್ಲ. ದೇವ್ರಾಣೆಗೂ ಆಗಿಲ್ಲ."

ಕೈ ಕಿತ್ತು ಹಾಕಿ, "ನಿನ್ನ ಬೋರ್ಡಿಗೆ ಮಸಿ ಹತ್ತತ್ತೆ ಅಂತ ಭಯ ನಿಂಗೆ" ಎಂದೆ. ಅಮ್ಮನ ಮುಖ ಇಷ್ಟೇ ಇಷ್ಟಾಯಿತು. ಅವಳ ಭಯ ಬೋರ್ಡಿನದೋ ಅಪಶಕುನದ್ದೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದರೆ ಅವಳಿಗೂ ಬಿಡಿಸಿ ಹೇಳಲಾಗದು ಎಂದು ಕಾಣುತ್ತದೆ.

ಕೆಲವು ವಾರ ಕಳೆದ ಮೇಲೆ ನನಗೆ ಜ್ವರ ಶುರುವಾಯಿತು. ಹಗಲೆಲ್ಲ ಚೆನ್ನಾಗಿರುತ್ತಿದ್ದೆ. ಹೊತ್ತು ಮುಳುಗುವಾಗ ಚಳಿ ಹತ್ತಿ, ಆಮೇಲೆ ರವಿಕೆ ಹಿಂಡುವಷ್ಟು ಬೆವರು, ಸೊಂಟ ಮುರಿದು ಹಾಕಿದ ಹಾಗೆ ನೋವು. ಅಮ್ಮ ಮೆಣಸಿನ ಕಷಾಯ ಕಾಸಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಊರಿನ ಕ್ಲಿನಿಕ್ಕಿನಲ್ಲಿ ಜ್ವರದ ಮಾತ್ರೆ ಕೊಟ್ಟರು. ಕೆಂಪಾಗಿ ಉರಿದ ನನ್ನ ಕೈಗಳು, ಅಕ್ಬರಣ್ಣನ ಬೆವರು, ಚೀಲವನ್ನು ದೂರ ಹಿಡಿದುಕೊಂಡು ಹೋದ ಅಪ್ಪ, ಇವೆಲ್ಲ ಆಗ ಒಂದರ ಪಕ್ಕ ಒಂದು ಬಂದು ಕೂರತೊಡಗಿದವು. ಆದರೂ ಬಾಯಿ ಬಿಟ್ಟು ಕೇಳಲು ಹೆದರಿದೆ. ಹೌದು ಎಂದುಬಿಟ್ಟರೆ ಏನು ಮಾಡುವುದು? ಅಷ್ಟರಲ್ಲಿ ನಾನೂ ನಮ್ಮೂರವಳೇ ಆಗಿಬಿಟ್ಟಿದ್ದೆ.

ಒಂದು ಬೆಳಿಗ್ಗೆ ಮಗು ಅಲುಗಾಡುವುದು ಕಡಿಮೆಯಾಗಿದೆ ಎನ್ನಿಸಿತು. ಬಲಕ್ಕೆ ಮಲಗಿದೆ, ಎಡಕ್ಕೆ ಮಲಗಿದೆ, ಸಿಹಿ ತಿಂದು ನೋಡಿದೆ. ದಂಡಿನಶಿವರಕ್ಕೆ ಫೋನು ಹೋಯಿತು. ನನ್ನ ಗಂಡ ಮೋಹನ್ ಕುಮಾರ್ ಕೊಬ್ಬರಿ ಲೋಡಿನ ಜೊತೆ ಹೊರಗೆ ಹೋಗಿದ್ದರಿಂದ ನಮ್ಮತ್ತೆ ರಾಮಲಕ್ಷ್ಮಮ್ಮನವರೇ ಬಾಡಿಗೆ ಕಾರು ಮಾಡಿಕೊಂಡು ಬಂದು ಇಳಿದರು. ಎಲ್ಲರೂ ತಿಪಟೂರಿನ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಹೊಟ್ಟೆಗೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಿಸಿದರು. ಇತ್ತು. ಆದರೆ ಅವರ ಮುಖ ಸಡಿಲವಾಗಲಿಲ್ಲ. ಜ್ವರದ ವಿಷಯ ಕೇಳಿದರು, ಬೆವರಿನ ವಿಷಯ ಕೇಳಿದರು. ಆಮೇಲೆ, "ಮನೇಲಿ ದನ ಇದಾವಾ?" ಎಂದರು.

"ಹದಿನಾಲ್ಕವೆ ಇವರ ಮನೇಲಿ. ದೊಡ್ಡ ಫಾರಂ" ಎಂದರು ಅತ್ತೆ, ಹೆಮ್ಮೆಯಿಂದಲೇ.

"ಇತ್ತೀಚೆಗೆ ಯಾವುದಾದ್ರೂ ಹಸುಗೆ ಗಬ್ಬ ಹೋಗಿತ್ತಾ?"

ಅಮ್ಮ ನನ್ನ ಹೊಟ್ಟೆಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಅವಳು ಹೇಳುವುದಿಲ್ಲ, ನಾನೇ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎದ್ದು ಡಾಕ್ಟರಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ವಸಿ ಹೊರಕ್ಕೆ ಬನ್ನಿ ತಾಯಿ. ಒಂದು ಮಾತು."

ಬಾಗಿಲಿಗೆ ಇದ್ದದ್ದು ಒಂದು ಪರದೆ. ಅದರ ಕೆಳಗೆ ಅಮ್ಮನ ಪಾದಗಳು ಕಾಣುತ್ತಿದ್ದವು, ಸಗಣಿಯ ಕಪ್ಪು ಕೂತ ಒಡೆದ ಹಿಮ್ಮಡಿ. ಒಂದು ಪಾದ ಇನ್ನೊಂದನ್ನು ಉಜ್ಜುತ್ತಿತ್ತು. ಪಿಸುಮಾತಿನಲ್ಲಿ ಹೇಳಿದಳು. ಅವಳ ಪಿಸುಮಾತು ಗೊತ್ತಲ್ಲ, ಮೇವಿನ ತೊಟ್ಟಿಯ ಮೇಲೆ ನಿಂತು ಅಭ್ಯಾಸವಾದದ್ದು.

"ಮೂರು. ಎರಡು ಹಾಕ್ಬುಟ್ವು, ಮೂರನೇದ್ರ ಕರ ಅವತ್ತೇ ಸತ್ತೋಯ್ತು. ಅದ್ರ ಕರ ಎಳ್ದಿದ್ದು ಇವಳೇ, ಬರಿಗೈಲಿ. ದನಿನ ಡಾಕ್ಟ್ರು ಮೊದಲೇ ಹೇಳಿದ್ರು, ಬಸುರೀನ ಬಿಡಬ್ಯಾಡಿ ಅಂತ. ನಾನು ಹೇಳ್ಲಿಲ್ಲ. ಹೆಂಗಾರ ಮಾಡಿ ಮಗ ಉಳಿಸ್ಕೊಡಿ. ಅವಳ ಕಿವೀಗೆ ಮಾತ್ರ ಹಾಕ್ಬ್ಯಾಡಿ."

ನನಗೆ ಒದ್ದುಬಿಡುವಷ್ಟು ಸಿಟ್ಟು ಬಂತು, ಜೊತೆಗೇ ಅಳು ಬಂತು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. "ಗೊತ್ತಿದ್ದೂ ಇಟ್ಕೊಂಡಿದ್ರಾ" ಎಂದರು, ಯಾರಿಗೂ ಅಲ್ಲ, ಗೋಡೆಗೆ.

ಡಾಕ್ಟರಮ್ಮ ಒಳಗೆ ಬಂದು ಅಮ್ಮ ಬೇಡಿಕೊಂಡದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಲ್ಲವನ್ನೂ ನನಗೆ ಹೇಳಿದರು. ಹಸು ಕಂದು ಹಾಕುವ ರೋಗ ಕಸದಿಂದ, ಕರುವಿನ ಜೊತೆ ಬೀಳುವ ನೀರಿನಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಹತ್ತುತ್ತದೆ, ಚೆನ್ನಾಗಿ ಕಾಯಿಸಿದ ಹಾಲಿನಿಂದ ಭಯವಿಲ್ಲ. ರಕ್ತ ತೆಗೆದುಕೊಂಡರು. ಅದೇ ರೋಗ ಎಂದು ಬಂತು. ವಾರಗಟ್ಟಲೆ ತಪ್ಪದೆ ನುಂಗಬೇಕಾದ ಮಾತ್ರೆ ಬರೆದರು. ಮಗುವಿನ ವಿಷಯ ಕೇಳಿದಾಗ, "ಈಗಲೇ ಏನೂ ಹೇಳೋಕಾಗಲ್ಲಮ್ಮ. ಇವತ್ತಾದ್ರೂ ಹೇಳಿದ್ರಲ್ಲ" ಎಂದರು.

ಮೂರು ದಿನ ಅಲ್ಲಿಟ್ಟುಕೊಂಡು ಕಳಿಸಿದರು. ನನ್ನನ್ನು ದಂಡಿನಶಿವರಕ್ಕೆ ಕರೆದುಕೊಂಡು ಹೋಗುವುದೆಂದು ಅತ್ತೆ ತೀರ್ಮಾನಿಸಿ ಆಗಿತ್ತು. ಬಟ್ಟೆಬರೆ ತೆಗೆದುಕೊಳ್ಳಲು ಮಾತ್ರ ಊರಿಗೆ ಹೋಗುವುದು. ಕಾರಿನಲ್ಲಿ ಅತ್ತೆ ಅಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ಊರು ಸೇರಿದಾಗ ಸಂಜೆಯ ಹಾಲಿನ ಹೊತ್ತು. ಡೈರಿಯ ಮುಂದೆ ಕ್ಯಾನು ಹಿಡಿದ ಹೆಂಗಸರು ಗಂಡಸರು ಸಾಲಾಗಿ ನಿಂತಿದ್ದರು. ಅಮ್ಮ "ನಿಲ್ಸಪ್ಪ" ಎಂದು ಕಾರು ನಿಲ್ಲಿಸಿ ಇಳಿದಳು.

ಸರ್ವಮಂಗಳ ಬರಿಗೈಯಲ್ಲಿ ಡೈರಿಗೆ ಬಂದದ್ದನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ. ಅವಳು ಸಾಲಿನ ಕಡೆ ಹೋಗಲಿಲ್ಲ. ಆಲದ ಮರದ ಕಟ್ಟೆ ಹತ್ತಿ ನಿಂತು ಕೈ ಮೇಲೆತ್ತಿದಳು.

"ಇದು ನಂದು" ಎಂದಳು. "ಅದೂ ನಂದು. ಆ ಹರಿದೋಗಿರದೂ ನಂದೇ. ಹಳದಿ ಚೀಲ ತರೋಳು ನಾನೊಬ್ಳೇ, ಅದು ನಿಮಗೆಲ್ಲ ಗೊತ್ತು. ಮೂರು ಹಸ ಕೆಟ್ಟವೆ ನಮ್ಮನೇಲಿ, ಕಂದು ರೋಗ. ಅದು ಮನುಷ್ಯರಿಗೂ ಹತ್ತದೆ. ನನ್ನ ಮಗಳಿಗೆ ಹತ್ತದೆ. ಹೊಟ್ಟೇಲಿರೋ ಮಗ ಉಳಿತದೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ." ಉಳಿದ ಗಂಟುಗಳ ಕಡೆ ಕೈ ತಿರುಗಿಸಿದಳು. "ಮಿಕ್ಕಿದ್ದು ಯಾರ್ದು?"

ಯಾರೋ ಕ್ಯಾನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಕೊನೆಗೆ ಸಾಲಿನ ಮುಂದಿದ್ದ ಲಕ್ಷ್ಮಯ್ಯತಾತ, ಊರಿಗೇ ಹಿರಿಯ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಈಗ ಆ ಮಾತೆಲ್ಲ ಯಾಕೆ ಬುಡವ್ವ. ಬಸುರಿ ಹೆಣ್ಮಗಳು ಕಾರಲ್ಲಿ ಕುಂತವ್ಳೆ, ಕೇಳಿಸ್ಕಂತಳೆ" ಎಂದ.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಕೇಳಿಸ್ಕೊತಾ ಇದೀನಿ ತಾತ. ಹೇಳಿ. ಸಿಮೆಂಟು ಚೀಲ ನಿಮ್ಮದಾ?"

ತಾತ ನೆಲ ನೋಡಿದ. ಅವನ ಹಿಂದೆ ನಿಂತಿದ್ದ ರಂಗಮ್ಮ, ನಮ್ಮ ಪಕ್ಕದ ತೋಟದವಳು, ಕ್ಯಾನನ್ನು ಕೆಳಗಿಟ್ಟಳು. ಹೋದ ತಿಂಗಳು ಅವಳ ಸೊಸೆಗೆ ನಾಲ್ಕು ತಿಂಗಳೆಂದು ನಮ್ಮ ಮನೆಗೇ ಬಂದು ಹೇಳಿಹೋಗಿದ್ದಳು.

"ಬಿಳೀ ಚೀಲ ನಮ್ದು" ಎಂದಳು. ಕೇಳಿಸುವುದೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ. "ದೀಪಾವಳೀಲಿ ಹಾಕ್ತು. ನನ್ನ ಸೊಸೇನೇ ಬಾಚಿದ್ಲು." ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳ ಹಿಂದಿನಿಂದ ಇನ್ನೊಬ್ಬರು, "ಹಳೇ ಸೀರೇದು ನಮ್ದು" ಎಂದರು. ನಮ್ಮತ್ತೆ ಕಾರು ಬಿಡು ಎಂದು ಡ್ರೈವರಿಗೆ ಹೇಳಿದರು.

ಆಮೇಲಿನದನ್ನು ನಾನು ಫೋನಿನಲ್ಲಿ ಕೇಳಿದೆ. ಮರದ ಗಂಟುಗಳನ್ನೆಲ್ಲ ಇಳಿಸಿ, ಆಳದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದರು. ಊರಿನ ಹಸುಗಳಿಗೆಲ್ಲ ರಕ್ತ ಪರೀಕ್ಷೆಯಾಯಿತು. ನಮ್ಮದರಲ್ಲಿ ಐದಕ್ಕೆ ರೋಗವಿತ್ತು. ಮಾರಿಬಿಡು, ದೂರದ ಸಂತೆಗೆ ಹೊಡೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ದಲ್ಲಾಳಿಯೊಬ್ಬ ಬಂದಿದ್ದನಂತೆ. ಭಾಗ್ಯ ನಮ್ಮ ಮನೆಗೆ ಬಂದದ್ದೂ ಹೀಗೇ ಇರಬೇಕಲ್ಲ. ಅಮ್ಮ ಅವನನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಐದು ಹಸುಗಳನ್ನೂ ತೋಟದ ಕೊನೆಯಲ್ಲಿ ಬೇರೆ ಕಟ್ಟಿ ಮೇವು ಹಾಕುತ್ತಿದ್ದಾಳೆ. ಐದು ಜನ ನೆಂಟರು. ಗೇಟಿನ ಬೋರ್ಡನ್ನು ಅವಳೇ ಬಿಚ್ಚಿ, ಅವುಗಳ ಕೊಟ್ಟಿಗೆಗೆ ಅಡ್ಡಬಾಗಿಲು ಮಾಡಿಕೊಂಡಿದ್ದಾಳೆ ಎಂದು ಅಪ್ಪ ಹೇಳಿದ. ಅಕ್ಬರಣ್ಣನಿಗೂ ಅದೇ ರೋಗವೆಂದು ತಿಳಿದು ಔಷಧಿ ಶುರುವಾಯಿತು. "ನನ್ನ ಮಷೀನಿಗೂ ಸರಿಯಾದ ಪಾರ್ಟು ಸಿಕ್ತು ಕಣಮ್ಮ" ಎಂದು ಫೋನಿನಲ್ಲಿ ನಕ್ಕ. ರಂಗಮ್ಮನ ಸೊಸೆಗೆ ಮಾತ್ರ ಗರ್ಭ ನಿಲ್ಲಲಿಲ್ಲ. ಅದನ್ನು ಅಮ್ಮ ನನಗೆ ಹೇಳಿದಳು, ತಾನಾಗಿಯೇ, ಫೋನೆತ್ತಿದ ಕೂಡಲೇ. ನನಗಾಗ ಎಂಟು ತುಂಬಿತ್ತು. ಹೇಳಿ ಮುಗಿಸಿದ ಮೇಲೂ ಅವಳು ಫೋನು ಇಡಲಿಲ್ಲ. ನಾನೂ ಫೋನು ಇಡಲಿಲ್ಲ.

ನನ್ನ ಮಗಳು ದಿನಕ್ಕೆ ಸ್ವಲ್ಪ ಮೊದಲೇ ಹುಟ್ಟಿದಳು. ತೂಕ ಕಡಿಮೆ, ಕೂಗಿದ್ದೂ ತಡವಾಗಿ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ನನ್ನ ಪಕ್ಕಕ್ಕೆ ತಂದು ಮಲಗಿಸಿದರು.

ಅವತ್ತು ಅಮ್ಮ ಆಸ್ಪತ್ರೆಗೆ ಬಂದಳು. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಡಾಕ್ಟರಮ್ಮನ ಕೋಣೆಯ ಆ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಅಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಗುವಿನ ಕಡೆ ನೋಡದೆ, ನೇರವಾಗಿ ಮೂಲೆಯ ಬೇಸಿನ್ನಿಗೆ ಹೋದಳು. ಬ್ಯಾಗಿನಿಂದ ಡೆಟಾಲ್ ತೆಗೆದಳು, ಮನೆಯಿಂದ ತಂದಿದ್ದ ತೆಂಗಿನ ನಾರು ತೆಗೆದಳು. ಮೊಣಕೈವರೆಗೆ ಉಜ್ಜಿದಳು, ಉಗುರಿನ ಸಂದಿ ಉಜ್ಜಿದಳು, ಬಳೆ ಸರಿಸಿ ಉಜ್ಜಿದಳು. ತೊಳೆದು, ಮೂಸಿ ನೋಡಿ, ಮತ್ತೆ ಶುರುಮಾಡಿದಳು.

"ಸಾಕು ಬಾಮ್ಮ" ಎಂದೆ.

ಬಂದಳು. ತೊಟ್ಟಿಕ್ಕುವ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಬಗ್ಗಿ ಮಗುವನ್ನು ನೋಡಿದಳು. ಎಷ್ಟೋ ಕರುಗಳನ್ನು ಎಳೆದು ನೆಲಕ್ಕೆ ಬಿಟ್ಟ ಕೈಗಳು. ಅತ್ತೆ ಮಗುವನ್ನು ಸ್ವಲ್ಪ ಮುಂದಕ್ಕೆ ಚಾಚಿದರು.

"ತಗಳಿ ಬೀಗ್ರೇ. ನಿಮ್ಮ ಮೊಮ್ಮಗಳು."

ಅಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡಿ. ಇನ್ನೂ ವಾಸನೆ ಬತ್ತದೆ. ಇನ್ನೊಂದ್ಸಲ ತೊಳ್ಕಂಡು ಬತ್ತೀನಿ ಇರಿ" ಎಂದು ಮತ್ತೆ ಬೇಸಿನ್ನಿಗೆ ಹೋದಳು. ಅತ್ತೆ ಮಗುವನ್ನು ಹಾಗೇ ಚಾಚಿ ಹಿಡಿದುಕೊಂಡೇ ಇದ್ದರು. ನಲ್ಲಿಯ ನೀರು ನಿಲ್ಲುವುದನ್ನು ನಾವಿಬ್ಬರೂ ಕಾಯುತ್ತ ಕೂತೆವು.